ತಮ್ಮದೇ ಪತ್ರ ಓದಿ ಹೊಲಕ್ಕೆ ಹೋದ ಸಹಾಯಕಿಯವರ ಬಗ್ಗೆ

ಗ್ರಾಮೀಣ ಯುವಜನ ಕೃಷಿ ಪ್ರೇರಣಾ ವಿಭಾಗ
ಸಂಖ್ಯೆ: ಗ್ರಾಯುಕೃಪ್ರೇ/ಮನವೊಲಿಕೆ/೪೧೭

ವಿಷಯ: ವಿಭಾಗದ ಪತ್ರಗಳನ್ನು ಸಿಬ್ಬಂದಿಯೇ ನಂಬುವುದನ್ನು ನಿಯಂತ್ರಿಸುವ ಕುರಿತು.

ಉಲ್ಲೇಖ: ೧. ಸಹಾಯಕಿಯವರ ರಾಜೀನಾಮೆ (ಒಂದೂವರೆ ಸಾಲು).
೨. ಜವಾನರ ವರದಿ (ಬಾಯಿಮಾತಿನದು).

ಪ್ರಸ್ತಾವನೆ:

ಹಳ್ಳಿಯ ಯುವಜನರನ್ನು ಬೇಸಾಯಕ್ಕೆ ಕರೆಯುವ ಪತ್ರಗಳನ್ನು ಬರೆಯಲು ಈ ವಿಭಾಗದಲ್ಲಿ ಸಹಾಯಕಿಯೊಬ್ಬರನ್ನು ನೇಮಿಸಲಾಗಿತ್ತು. ರೈತರ ಮಗಳಾದ ಸದರಿಯವರು ಕಿಟಕಿಯಿಲ್ಲದ ಕೊಠಡಿಯಲ್ಲಿ ಕುಳಿತು ಎಂಟು ತಿಂಗಳಲ್ಲಿ ಆರುನೂರು ಪತ್ರ ಬರೆದಿದ್ದು, ಒಂದು ನರಪಿಳ್ಳೆಯೂ ಬಂದಿರುವುದಿಲ್ಲ. ಆರುನೂರ ಒಂದನೆಯದನ್ನು ತಿದ್ದಲೆಂದು ಓದುವಾಗ ಅವರ ಪೆನ್ನು ನಡುವೆಯೇ ನಿಂತಿತೆಂದೂ, ಪತ್ರವನ್ನು ಮಡಚಿ ತಮ್ಮ ಚೀಲಕ್ಕೇ ಹಾಕಿಕೊಂಡು ಬಸ್ಸು ಹತ್ತಿದರೆಂದೂ ವರದಿಯಾಗಿರುತ್ತದೆ.

ಮನೆಯಲ್ಲಿ ತಂದೆಯವರು, "ನೆರಳಲ್ಲಿ ಕೂರೋ ಕೆಲ್ಸ ಬಿಟ್ಟು ಬಂದ್ಯಾ? ತಲೆ ಕೆಟ್ಟಿದೆಯೇನೇ ನಿಂಗೆ?" ಎಂದಿರುತ್ತಾರೆ. ಸದರಿಯವರು ಪತ್ರವನ್ನು ಮುಂದಿಟ್ಟು, "ಓದಪ್ಪಾ. ಇದ್ರಲ್ಲಿ ಒಂದ್ ಮಾತು ಸುಳ್ಳಿದ್ರೂ ನಾಳೆನೇ ವಾಪಸ್ ಹೋಗ್ತೀನಿ" ಎಂದಿರುತ್ತಾರೆ. ತಂದೆಯವರು ಓದಿ, ಎರಡು ಕಾಗುಣಿತ ದೋಷಗಳನ್ನಷ್ಟೇ ಪತ್ತೆಹಚ್ಚಿ, ಮೂರು ವಾರ ಮಗಳೊಂದಿಗೆ ಮಾತು ಬಿಟ್ಟಿದ್ದರು. ಆದಾಗ್ಯೂ ಪ್ರತಿ ಬೆಳಿಗ್ಗೆ ಸದರಿಯವರು ಏಳುವ ಮುನ್ನವೇ ಗುದ್ದಲಿ ಹರಿತವಾಗಿ ಬಾಗಿಲ ಬಳಿ ಇರುತ್ತಿತ್ತು. ಯಾರು ಇಟ್ಟರೆಂಬುದಕ್ಕೆ ದಾಖಲೆ ಲಭ್ಯವಿಲ್ಲ.

ಸದರಿಯವರನ್ನು ಕರೆತರಲು ಹೋದ ಅಧೀಕ್ಷಕರಿಗೆ, "ಸಾರ್, ಈ ಹಗ್ಗದ ತುದಿ ಒಂದ್ನಿಮಿಷ ಹಿಡ್ಕೊಳ್ಳಿ, ಬೀನ್ಸ್ ಬಳ್ಳಿ ಹಬ್ಬಿಸ್ಬೇಕು" ಎನ್ನಲಾಗಿದ್ದು, ಅವರು ಸಂಜೆಯವರೆಗೂ ಹಿಡಿದು, ಮರುದಿನ ರಜೆ ಹಾಕಿ ಮತ್ತೆ ಹೋಗಿರುತ್ತಾರೆ.

ಆದುದರಿಂದ ಎಲ್ಲ ಸಿಬ್ಬಂದಿಗೆ ಈ ಮೂಲಕ ಸೂಚಿಸಲಾಗಿದೆ:

೧. ಪತ್ರ ಬರೆದವರು ಅದನ್ನು ಓದತಕ್ಕದ್ದಲ್ಲ. ಓದಲೇಬೇಕಾದಲ್ಲಿ ಕೆಳಗಿನಿಂದ ಮೇಲಕ್ಕೆ ಓದತಕ್ಕದ್ದು.

೨. ಮನ ಮುಟ್ಟುವ ಸಾಲುಗಳಿಗೆ ಪೂರ್ವಾನುಮತಿ ಕಡ್ಡಾಯ. ಯಾರ ಮನ, ಎಷ್ಟು ಹೊತ್ತು ಮುಟ್ಟಿತು ಎಂಬುದನ್ನು ನಿಗದಿತ ನಮೂನೆಯಲ್ಲಿ ಮೂರು ಪ್ರತಿಗಳಲ್ಲಿ ಸಲ್ಲಿಸತಕ್ಕದ್ದು.

೩. ಸಿಬ್ಬಂದಿಯು ಪ್ರೇರಿತರಾಗುವುದಿದ್ದಲ್ಲಿ ಹದಿನೈದು ದಿನ ಮುಂಚಿತವಾಗಿ ತಿಳಿಸತಕ್ಕದ್ದು. ಹಠಾತ್ ಪ್ರೇರಣೆಯನ್ನು ವೈದ್ಯಕೀಯ ಪ್ರಮಾಣಪತ್ರವಿಲ್ಲದೆ ಪುರಸ್ಕರಿಸಲಾಗುವುದಿಲ್ಲ.

೪. ಸದರಿಯವರು ವಿಭಾಗದ ಏಕೈಕ ಫಲಾನುಭವಿಯಾಗಿರುವುದರಿಂದ ಅವರನ್ನು ವಾರ್ಷಿಕ ವರದಿಯಲ್ಲಿ 'ಯಶಸ್ಸು' ಎಂದೂ, ಹಾಜರಿ ಪುಸ್ತಕದಲ್ಲಿ 'ಗೈರು' ಎಂದೂ ತೋರಿಸತಕ್ಕದ್ದು.

೫. ನಿನ್ನೆ ತಂದೆಯವರು ಮೊದಲ ಕೊಯ್ಲಿನ ಬೀನ್ಸ್ ಬುಟ್ಟಿ ಹೊತ್ತು ಕಚೇರಿಗೆ ಬಂದು, ಯಾರೂ ಕೇಳದಿದ್ದರೂ, ಪ್ರತಿ ಮೇಜಿನೆದುರು ನಿಂತು "ನನ್ ಮಗಳು ಬೆಳೆದಿದ್ದು" ಎಂದಿರುತ್ತಾರೆ. ಕಚೇರಿಯಲ್ಲಿ ಹನ್ನೊಂದು ಮೇಜುಗಳಿದ್ದು, ಹದಿನಾಲ್ಕು ಬಾರಿ ಹೇಳಿರುತ್ತಾರೆ. ಇದನ್ನು ಶಿಸ್ತಿನ ಉಲ್ಲಂಘನೆಯೆಂದು ಪರಿಗಣಿಸತಕ್ಕದ್ದಲ್ಲ.

ಸಹಿ/-
ಪ್ರಭಾರ ಅಧೀಕ್ಷಕರು
(ಮೂಲ ಅಧೀಕ್ಷಕರ ರಜೆ ಮುಂದುವರಿದಿರುವುದರಿಂದ)

ಪ್ರತಿಗಳು:
೧. ಎಲ್ಲ ಸಿಬ್ಬಂದಿಗೆ, ಓದದೆ ಸಹಿ ಹಾಕಲು.
೨. ಮೂಲ ಅಧೀಕ್ಷಕರಿಗೆ, ಹೊಲದ ವಿಳಾಸಕ್ಕೆ.
೩. ಸಹಾಯಕಿಯವರ ತಂದೆಯವರಿಗೆ: ಬುಟ್ಟಿ ಖಾಲಿಯಾಗಿದ್ದು, ಒಯ್ಯಲು ಬರುವಾಗ ಇನ್ನೊಂದನ್ನು ತುಂಬಿ ತರಲು ಈ ಕಚೇರಿಯ ಅಭ್ಯಂತರವಿರುವುದಿಲ್ಲ.