ಜೀಪಿಗೆ ಹೊದಿಸಿದ ಕಂಬಳಿ

ಮೂವತ್ತೆರಡು ವರ್ಷದ ಸಂಸಾರದಲ್ಲಿ ಗಂಡ ಇನ್ನೊಂದು ಹೆಣ್ಣಿನ ಕಡೆ ಕತ್ತು ತಿರುಗಿಸದಂತೆ ಕಾದುಕೊಂಡು ಬಂದ ಕೊಂಡಮ್ಮ, ಕೊನೆಗೆ ಒಂದು ಜೀಪಿಗೆ ಸೋಲುವ ಪೈಕಿಯಲ್ಲ. ಬಚ್ಚಲ ಒಲೆಯ ಮುಂದೆ ಕೈ ಕಾಯಿಸಿಕೊಳ್ಳುತ್ತಾ ಅವಳು ತೀರ್ಮಾನ ಮಾಡಿಬಿಟ್ಟಳು: ನಾಳೆ ಬೆಳಿಗ್ಗೆ ಆ ಸವತಿಯ ಸೊಕ್ಕು ಇಳಿಸಬೇಕು.

ಕಲ್ಯಾಣದುರ್ಗಕ್ಕೂ ಸುತ್ತಲ ಹಳ್ಳಿಗಳಿಗೂ ಜನರನ್ನು ತುಂಬಿಕೊಂಡು ಓಡಾಡುವ ಡೀಸೆಲ್ ಜೀಪು ಅದು. ವಯಸ್ಸು ಇಪ್ಪತ್ತೆಂಟು. ಆದರೂ ಗಂಡ ಬೈಲಪ್ಪ ಅದನ್ನು ಕರೆಯುವುದು ತೆಲುಗಿನವರು ಹೆಣ್ಣುಕೂಸನ್ನು ಕರೆಯುವ ಹಾಗೆ, 'ಪಾಪ' ಎಂದು. ಕೊಂಡಮ್ಮನನ್ನು ಕರೆಯುವುದು 'ಏಯ್' ಎಂದು.

ಹೋದ ತಿಂಗಳು ಪಾಪಳ ನೀರಿನ ಪಂಪು ಸೋರಿ ಕೆಟ್ಟಿತು. ಅಷ್ಟು ಹಳೆಯ ಗಾಡಿಗೆ ಹೊಸ ಸಾಮಾನು ಸಿಗಲಿಲ್ಲ. ಹಿಂದೂಪುರದಲ್ಲಿ ಮೆಕ್ಯಾನಿಕ್ ಆಗಿರುವ ಬೈಲಪ್ಪನ ಅಕ್ಕನ ಮಗ ದಯಾನಂದ್, ಯಾವುದೋ ಕಾರಿನ ಕರೆಂಟ್ ಪಂಪು ತಂದು ಕೂರಿಸಿದ. ಹಳೆಯದು ಇಂಜಿನ್ ಎಷ್ಟು ತಿರುಗಿದರೆ ಅಷ್ಟು ತಿರುಗುತ್ತಿತ್ತು. ಇದು ಹಾಗಲ್ಲ, ಕೀಲಿ ತಿರುಗಿಸಿದರೆ ಸಾಕು, ಹೊಲದ ಬೋರ್ ಮೋಟರಿನ ಹಾಗೆ ಒಂದೇ ಸಮನೆ ನೀರು ತಳ್ಳುತ್ತದೆ. ಇಂಜಿನ್ ಬಿಸಿಯಾಗುವ ತನಕ ನೀರನ್ನು ತಡೆಯುವ ವಾಲ್ವ್ ಒಂದಿರುತ್ತದಂತೆ. ಅದನ್ನು ಯಾವ ಕಾಲದಲ್ಲೋ ಯಾವನೋ ಮೆಕ್ಯಾನಿಕ್ 'ಇದೆಲ್ಲ ನಮ್ಮ ಬಿಸಿಲಿಗೆ ದಂಡ' ಎಂದು ಕಿತ್ತು ಬಿಸಾಕಿದ್ದ. ಹೀಗಾಗಿ ತಣ್ಣೀರು ಸುತ್ತುತ್ತಲೇ ಇದ್ದು ಇಂಜಿನ್ನಿಗೆ ಬಿಸಿಯೇ ಏರುವುದಿಲ್ಲ. ಮಾಗಿಯ ಚಳಿಯಲ್ಲಿ ಪಾಪ ಮುಕ್ಕಾಲು ಗಂಟೆ ಕೆಮ್ಮುತ್ತಾಳೆ, ಬಿಳಿ ಹೊಗೆ ಉಗುಳುತ್ತಾಳೆ, ಹೆಜ್ಜೆ ಮಾತ್ರ ಇಡುವುದಿಲ್ಲ.

ಅದಕ್ಕೇ ಬೈಲಪ್ಪ ಈಗ ಕೋಳಿಗಿಂತ ಮೊದಲು ಎದ್ದು ಇಂಜಿನ್ ಹಾಕುತ್ತಾನೆ. ಗಾಳಿ ಹೊಡೆಯದಂತೆ ಅದರ ಮೂತಿಗೆ ಕಂಬಳಿ ಹೊದಿಸುತ್ತಾನೆ. ಬಾನೆಟ್ಟಿನ ಮೇಲೆ ಅಂಗೈಯಿಟ್ಟು "ಬೆಚ್ಚಗಾಯ್ತಾ ಕಂದ?" ಎನ್ನುತ್ತಾನೆ. ಕೊಂಡಮ್ಮನ ಹಣೆಯ ಮೇಲೆ ಅವನು ಹಾಗೆ ಕೈಯಿಟ್ಟದ್ದು ಒಂದೇ ಸಲ, ಚಿಕೂನ್‌ಗುನ್ಯಾ ಬಂದಾಗ. ಆ ಕಂಬಳಿಯಾದರೂ ಯಾರದು? ಕೊಂಡಮ್ಮನ ಅಪ್ಪ ಗೋರಂಟ್ಲದ ಸಂತೆಯಲ್ಲಿ ಆರಿಸಿ ಮಗಳ ಮದುವೆಗೆ ಕೊಟ್ಟದ್ದು.

"ನಂಗೇನು ಚಳಿ ಆಗಾಕಿಲ್ವಾ?" ಎಂದು ಕೇಳಿದ್ದಳು.

"ನೀನು ಒಂದು ಲೋಟ ಕಾಫಿ ಕುಡುದ್ರೆ ಬೆಚ್ಚಗಾಯ್ತೀಯ. ಪಾಪ ಕಾಫಿ ಕುಡೀತದಾ?"

"ನೀನು ಕೈಯಾರ ಕುಡುಸ್ನೋಡು, ಕುಡುದ್ರೂ ಕುಡುದಾಳು."

ನಾಳೆ ಹಿಂದೂಪುರದಲ್ಲಿ ಕೊಂಡಮ್ಮನ ತಂಗಿ ತನುಜಾಳ ಮಗಳು ಶಿರೀಷಾಳ ಸೀಮಂತ. ಆ ಹುಡುಗಿಯನ್ನು ಎತ್ತಿ ಆಡಿಸಿದ ದೊಡ್ಡಮ್ಮ ಕೊಂಡಮ್ಮ. ಮೊದಲ ಬಳೆ ಅವಳೇ ತೊಡಿಸಬೇಕು. ತನುಜಾ ಫೋನಿನಲ್ಲಿ ಎಚ್ಚರಿಸಿದ್ದಳು: "ಹತ್ತು ಗಂಟೆ ದಾಟುದ್ರೆ ನಮ್ ನಾದಿನಿ ಬಳೆ ಹಿಡ್ಕಂಡು ನಿಂತವ್ಳೆ ಕಣಕ್ಕ. ಆಮ್ಯಾಕೆ ನನ್ನ ಅನ್ಬ್ಯಾಡ."

ಆ ನಾದಿನಿಯ ಕೈಗೆ ಮೊದಲ ಬಳೆ ಹೋಗುವುದೇ? ಅದೂ ಒಂದು ಜೀಪು ಕೆಮ್ಮುತ್ತಾ ಕೂತದ್ದಕ್ಕೆ?

ಕೊಂಡಮ್ಮ ಓದಿದ್ದು ಕಡಿಮೆ, ಕೇಳಿಸಿಕೊಂಡದ್ದು ಬಹಳ. ದಯಾನಂದ್ ಫೋನಿನಲ್ಲಿ ಮಾವನಿಗೆ ಹೇಳಿದ್ದು ಅವಳ ಕಿವಿಗೆ ಬಿದ್ದಿತ್ತು: "ಪಂಪು ತಿರುಗ್ದೆ ಇದ್ರೆ ಇಂಜಿನ್ ಐದೇ ನಿಮಿಷಕ್ಕೆ ಬಿಸಿ ಆಯ್ತದೆ ಮಾವಾ. ಆದ್ರೆ..." ಗಂಡಸರ 'ಆದ್ರೆ'ಯ ಆಚೆಗೆ ಕೇಳಿಸಿಕೊಳ್ಳುವಂಥದ್ದು ಏನೂ ಇರುವುದಿಲ್ಲವೆಂದು ಅವಳು ಒಳಗೆ ಹೋಗಿಬಿಟ್ಟಿದ್ದಳು.

ಬೆಳಿಗ್ಗೆ ಗಂಡ ಮುಖ ತೊಳೆಯುವ ಹೊತ್ತಿಗೆ ಬಾನೆಟ್ ಎತ್ತಿದಳು. ಪಂಪು ಕೂರಿಸುವಾಗ ಬ್ಯಾಟರಿ ಲೈಟು ಹಿಡಿದವಳು ಅವಳೇ. ಯಾವ ವೈರು ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಂದು ಬಿಳಿ ಪ್ಲಗ್ಗು. ಎಳೆದಳು. ಬಂತು.

ಪಾಪ ಆರೇ ನಿಮಿಷಕ್ಕೆ ಬೆಚ್ಚಗಾದಳು. ಕೆಮ್ಮಿಲ್ಲ, ಹೊಗೆಯಿಲ್ಲ. ಬೈಲಪ್ಪ ಬೆರಗಾಗಿ ಕಂಬಳಿ ತೆಗೆದು ಹಿಂದಕ್ಕೆ ಎಸೆದ. "ನೋಡ್ದಾ? ಸೀಮಂತ ಅಂದ್ರೆ ಪಾಪಂಗೂ ಗೊತ್ತಾಯ್ತದೆ."

ಕೊಂಡಮ್ಮ ಬಳೆ, ಅರಿಶಿನ, ಕುಂಕುಮವಿಟ್ಟ ಬಿದಿರು ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಪಟ್ಟದ ರಾಣಿಯ ಹಾಗೆ ಕೂತಳು.

ರಾಣಿಯ ರಾಜ್ಯಭಾರ ಏಳು ಮೈಲಿ ನಡೆಯಿತು. ಆಮೇಲೆ ಪಾಪಳ ಮೂತಿಯಿಂದ ಬುಸ್ಸೆಂದು ಹಬೆ ಎದ್ದಿತು. ರಸ್ತೆಯೇ ಕಾಣಲಿಲ್ಲ. ಬಿಸಿ ತೋರಿಸುವ ಮುಳ್ಳು ಹತ್ತು ವರ್ಷದಿಂದ ನಿದ್ದೆಯಲ್ಲಿತ್ತು. ಅದು ಏನು ಹೇಳೀತು?

ಬೈಲಪ್ಪ ಹಾರಿ ಇಳಿದು ಬಾನೆಟ್ ಎತ್ತಿದ. ಹಬೆ ಇಳಿದ ಮೇಲೆ ಕೀಲಿ ತಿರುಗಿಸಿ ಕಿವಿಗೊಟ್ಟ. ಪಂಪಿನ ಗುಂಯ್ ಸದ್ದೇ ಇಲ್ಲ. ಬಗ್ಗಿ ನೋಡಿದ. ಬಿಳಿ ಪ್ಲಗ್ಗು ನೇತಾಡುತ್ತಿತ್ತು.

"ಯಾವನೋ ಕಿತ್ತವ್ನೆ. ಆ ಚಲಪತಿನೇ," ಎಂದ. ಚಲಪತಿ ಅದೇ ದಾರಿಯಲ್ಲಿ ಇನ್ನೊಂದು ಜೀಪು ಓಡಿಸುವವನು. "ನಮ್ ಪಾಪನ ಕಂಡ್ರೆ ಹೊಟ್ಟೆಕಿಚ್ಚು ಆ ನನ್ ಮಗಂಗೆ. ಇವತ್ತು ಅವನ ಗ್ರಹಚಾರ ಬಿಡಿಸ್ತೀನಿ." ಫೋನು ಕಿವಿಗೆ ಹೋಯಿತು. ಆ ಕಡೆ "ಏಮಿ ಬೈಲಪ್ಪಣ್ಣಾ?" ಎಂದು ಚಲಪತಿಯ ದನಿ ಕೇಳಿಸಿತು.

ಕೊಂಡಮ್ಮ ಫೋನು ಕಿತ್ತುಕೊಂಡಳು. "ಏನಿಲ್ಲಪ್ಪ, ಕೈ ತಗಲಿ ಫೋನು ಬಂದ್ಬುಡ್ತು," ಎಂದು ಇಟ್ಟಳು. ಆಮೇಲೆ ಮೊರದ ಕಡೆ ನೋಡುತ್ತಾ ಹೇಳಿದಳು: "ಹೊಟ್ಟೆಕಿಚ್ಚು ಅವಂದಲ್ಲ. ನಂದು."

"ಏನಂದೆ?"

"ನಾನೇ ಕಿತ್ತಿದ್ದು. ಬ್ಯಾಗ ಬಿಸಿ ಆಗ್ಲಿ ಅಂತ."

ಬೈಲಪ್ಪ ಹೆಂಡತಿಯನ್ನು ನೋಡಿದ, ಜೀಪನ್ನು ನೋಡಿದ, ಹಿಂದಿನ ಸೀಟಿನ ಕಂಬಳಿಯನ್ನು ನೋಡಿದ. ಕೊನೆಗೆ "ಬಿಸಿಯೇನೋ ಆಯ್ತು ಬಿಡು," ಎಂದು ಪ್ಲಗ್ಗು ಸಿಕ್ಕಿಸಿದ. ಪಂಪು ಗುಂಯ್ ಎಂದಿತು.

"ಹಂಗಾರೆ ಹೊರಡಾನಾ?" ಕೊಂಡಮ್ಮನ ಕಣ್ಣು ಗಡಿಯಾರದ ಮೇಲೆ. ಏಳೂವರೆ.

"ಎಲ್ಲಿಗೆ? ನೀರೆಲ್ಲ ಹಬೆ ಆಗೋಯ್ತು. ಕಾದಿರೋ ಇಂಜಿನ್ನಿಗೆ ನೀರು ಹುಯ್ದರೆ ಸೀಳ್ಬುಡ್ತದೆ. ತಣ್ಣಗಾಗ್ಬೇಕು. ಕಮ್ಮಿ ಅಂದ್ರೂ ಒಂದು ಗಂಟೆ."

ಮುಕ್ಕಾಲು ಗಂಟೆ ಉಳಿಸಲು ಹೋದವಳಿಗೆ ಒಂದು ಗಂಟೆ. ನಾದಿನಿ ಬಳೆ ಹಿಡಿದು ಸೆರಗು ಸರಿಮಾಡಿಕೊಳ್ಳುತ್ತಿರುವುದು ಕೊಂಡಮ್ಮನ ಕಣ್ಣಿಗೆ ಕಟ್ಟಿತು.

"ಬ್ಯಾಗ ತಣ್ಣಗಾಗಾಕೆ ಏನೂ ದಾರಿ ಇಲ್ವಾ?"

"ಗಾಳಿ ಬೀಸುದ್ರೆ ಒಂದೀಟು ಮುಂಚೆ ಆದೀತು."

ಕೊಂಡಮ್ಮ ಬಳೆ, ಅರಿಶಿನ, ಕುಂಕುಮವನ್ನು ಸೀಟಿನ ಮೇಲೆ ಸುರಿದಳು. ಮೊರ ಹಿಡಿದು ಇಳಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಾಪಳ ಮುಂದೆ ನಿಂತು ಬೀಸತೊಡಗಿದಳು. ಬೈಲಪ್ಪ ಕಲ್ಲಿನ ಮೇಲೆ ಕೂತು, ಚಳಿಗೆ ಆ ಕಂಬಳಿ ಹೊದ್ದುಕೊಂಡ.

ದಾರಿಯಲ್ಲಿ ಬಂದ ಆಟೋ ನಿಧಾನಿಸಿತು. ಒಳಗಿನಿಂದ ಕಡಲೆಕಾಯಿ ಕೀಳಲು ಹೊರಟ ಹೆಂಗಸೊಬ್ಬಳು ತಲೆ ಹಾಕಿದಳು. "ಈ ಚಳೀಲಿ ಯಾರಿಗೆ ಗಾಳಿ ಬೀಸ್ತಿದ್ದೀಯಕ್ಕ?"

ಕೊಂಡಮ್ಮ ಕೈ ನಿಲ್ಲಿಸಲಿಲ್ಲ.

"ನನ್ ಸವತಿಗೆ ಕಣಮ್ಮ. ಬ್ಯಾಗ ಎಬ್ಬಿಸಿದ್ನಲ್ಲ, ಮುನಿಸ್ಕಂಡವ್ಳೆ."