ಮಧುಗಿರಿಯಲ್ಲಿ ಒತ್ತಿದೆ, ಮಿಡಿಗೇಶಿಯಲ್ಲಿ ತೆರೆಯಿತು

ಕಂಪ್ಯೂಟರ್ ವಿಷಯದಲ್ಲಿ ನನಗೆ ಬಾರದ್ದಿಲ್ಲ ಎಂಬುದು ಅಚಲವಾದ ನಂಬಿಕೆ. ಈ ನಂಬಿಕೆ ಇರುವುದು ನನಗೊಬ್ಬನಿಗೇ.

ಮಿಡಿಗೇಶಿಯ ಹೈಸ್ಕೂಲಿನಲ್ಲಿ ನಾನು ಗಣಿತದ ಮೇಷ್ಟ್ರು, ಮನೆ ಮಧುಗಿರಿಯಲ್ಲಿ. ಹೆಡ್‌ಮೇಷ್ಟ್ರ ಬೀಳ್ಕೊಡುಗೆಯ ಹಿಂದಿನ ದಿನ, ತಿಂದ ಬಜ್ಜಿಯ ಗ್ಯಾಸಿಗೆ 'ಎದೆನೋವು' ಎಂದು ದೊಡ್ಡ ಹೆಸರಿಟ್ಟು ರಜೆ ಹಾಕಿದ್ದೆ. ಸಮಾರಂಭದ ಫ್ಲೆಕ್ಸ್ ನನ್ನ ಹೊಣೆ. ಶಾಲೆಯ ಲಿನಕ್ಸ್ ಕಂಪ್ಯೂಟರಿನಲ್ಲಿ ಅದನ್ನು ಅರ್ಧ ಮಾಡಿಟ್ಟಿದ್ದೆ. ಹೆಡ್‌ಮೇಷ್ಟ್ರ ಫೋಟೋ ಆಗ ಸಿಗದಿದ್ದುದರಿಂದ ಅಳತೆಗೆಂದು ನನ್ನ ಫೋಟೋ ಹಾಕಿ, ಸುತ್ತ ಹೂವಿನ ಹಾರ ಬಿಡಿಸಿ, ಕೆಳಗೆ 'ನಿಮ್ಮ ಅಗಲಿಕೆ ನಮ್ಮನ್ನು ಸದಾ ಕಾಡಲಿದೆ' ಎಂದು ಬರೆದಿದ್ದೆ. ಈಗ ಅವರ ಫೋಟೋ ಸಿಕ್ಕಿತ್ತು; ಅದನ್ನು ಬದಲಿಸಿ ಸಂಜೆಯೊಳಗೆ ಫ್ಲೆಕ್ಸ್ ಅಂಗಡಿಗೆ ಕಳಿಸದಿದ್ದರೆ ನಾಳೆ ವೇದಿಕೆ ಬೋಳು.

"ಬಸ್ ಹತ್ತಿ ಹೋಗಿ ಬಂದ್ಬುಡ್ರೀ," ಎಂದಳು ಹೆಂಡತಿ.

"ಹೋಗೋದ್ಯಾಕೆ? ಪ್ರೋಗ್ರಾಂ ಶಾಲೆ ಕಂಪ್ಯೂಟರಲ್ಲೇ ಓಡ್ತದೆ, ಅದರ ಕಿಟಕಿ ಮಾತ್ರ ನನ್ನ ವಿಂಡೋಸ್ ಲ್ಯಾಪ್‌ಟಾಪಲ್ಲಿ ತೆರೀತದೆ. ನೋಡ್ತಾ ಇರು."

ನೋಡುತ್ತಾ ನಿಂತಳು. ಪಾಸ್‌ವರ್ಡ್ ಕೊಟ್ಟೆ, ಶಾಲೆಯ ಕಂಪ್ಯೂಟರ್ ಒಳಗೆ ಬಿಟ್ಟುಕೊಂಡಿತು. ಕಿಟಕಿ ಯಾವ ಪರದೆಯಲ್ಲಿ ತೆರೆಯಬೇಕೆಂದು ಒಂದು ಸಾಲು ಬರೆದು, ಫ್ಲೆಕ್ಸ್ ತೆರೆಯಲು ಆಜ್ಞೆ ಹೊರಡಿಸಿದೆ. ಏನೂ ಬರಲಿಲ್ಲ. ಮತ್ತೆ ಒತ್ತಿದೆ. "ನೆಟ್ ನಿಧಾನ," ಎಂದು ತೀರ್ಪಿತ್ತು ಒತ್ತುತ್ತಲೇ ಹೋದೆ.

ಹೆಂಡತಿಯ ಫೋನ್ ಹೊಡೆದುಕೊಂಡಿತು. ಆ ಕಡೆ ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರು.

"ಅಕ್ಕಾ, ನೆನ್ನೆ ಗಟ್ಟಿಮುಟ್ಟಾಗಿದ್ರಲ್ಲಕ್ಕಾ. ಎದೆನೋವು ಅಂತ ರಜ ಹಾಕಿದ್ರಂತೆ, ಇಂಗಾಗ್ಬುಡ್ತಾ? ಯಾವಾಗ ಹೋದ್ರು?"

"ಎಲ್ಲಿಗೋದ್ರು? ಇಲ್ಲೇ ಕಂಪ್ಯೂಟರ್ ಮುಂದೆ ಕುಂತವ್ರಲ್ಲಪ್ಪ."

ಆಮೇಲೆ ತಿಳಿಯಿತು. ನಾನು ಬರೆದ ಸಾಲಿನಲ್ಲಿ ನನ್ನ ಪರದೆಯ ಬದಲು ಶಾಲೆಯ ಪರದೆಯನ್ನೇ ಸೂಚಿಸಿದ್ದೆ. ಆ ಕಂಪ್ಯೂಟರಿಗೆ ಪ್ರೊಜೆಕ್ಟರ್ ಸಿಕ್ಕಿಸಿ ಮಕ್ಕಳಿಗೆ ಗ್ರಹಗಳ ವಿಡಿಯೋ ತೋರಿಸುತ್ತಿದ್ದರಂತೆ. ಶನಿಗ್ರಹ ಬರಬೇಕಾದ ಕಡೆ ಗೋಡೆಯಗಲ ನಾನು! ಹಾರದೊಳಗೆ ನಗುತ್ತಾ, ಒತ್ತಿದಷ್ಟು ಸಲವೂ ಒಬ್ಬೊಬ್ಬನಾಗಿ ಬರುತ್ತಿದ್ದೆ. ಮನೆಯವರೇ ಸುದ್ದಿ ಕಳಿಸಿದ್ದಾರೆಂದು ತಿಳಿದು ಹೆಡ್‌ಮೇಷ್ಟ್ರು ಮೌನಾಚರಣೆ ಮಾಡಿಸಿ, ಶಾಲೆಗೆ ರಜೆ ಸಾರಿದ್ದರು.

ಫೋಟೋ ಬದಲಿಸಲು ಕೊನೆಗೆ ಬಸ್ಸನ್ನೇ ಹತ್ತಿದೆ. ನಾಚಿಕೆಯಾಗಿತ್ತು ನಿಜ, ಆದರೆ ಒಂದಿಡೀ ಶಾಲೆ ನನಗಾಗಿ ತಲೆ ತಗ್ಗಿಸಿ ನಿಂತಿತ್ತಲ್ಲ ಎಂದು ಒಳಗೊಳಗೇ ಹೆಮ್ಮೆ. ಗೇಟಿನಲ್ಲಿ ಡ್ರಿಲ್ ಮೇಷ್ಟ್ರು ಸಿಕ್ಕರು. ಒಳಗಿನಿಂದ ಮಕ್ಕಳು ಬಿಕ್ಕುವ ಸದ್ದು. ನನ್ನ ಕಣ್ಣೂ ಒದ್ದೆಯಾಯಿತು.

"ಪಾಪ, ನಾನು ಬದುಕಿರೋದು ಇನ್ನೂ ಹೇಳಿಲ್ವಾ?"

"ಹೇಳ್ದೆ ಸಾ. ಅದುವರ್ಗೂ ಒಬ್ರೂ ಅತ್ತಿರ್ಲಿಲ್ಲ. ರಜ ಕ್ಯಾನ್ಸಲ್ ಅಂದ್ಮೇಲೇ ಶುರುವಾಗಿದ್ದು."