ಎಲ್ಲಿಂದ ಹೊರಟರೂ ಆರು ಸಾವಿರದ ನೂರ ಎಪ್ಪತ್ನಾಲ್ಕು

ಗಂಡಸರು ಗುಟ್ಟು ಬಿಟ್ಟುಕೊಡುವುದು ಕುಡಿದಾಗ ಅಂತಾರೆ. ನಮ್ಮ ವಾಚ್ ರಿಪೇರಿಯವರು ಲೆಕ್ಕ ಮಾಡುತ್ತಾ ಬಿಟ್ಟುಕೊಟ್ಟರು.

ಗುಟ್ಟೇನಪ್ಪಾ ಅಂದರೆ, ಸಕ್ಕರೆ ಕಾಯಿಲೆಗೆ ಡಾಕ್ಟರು "ಸಿಹಿ ಬಿಡಿ, ಇಲ್ಲಾಂದ್ರೆ ಕಣ್ಣಿಗೇ ಕುತ್ತು" ಎಂದ ಮೇಲೂ ಅವರ ಕಬ್ಬಿಣದ ಪೆಟ್ಟಿಗೆಯಲ್ಲಿ ಕ್ರೀಮ್ ಬಿಸ್ಕತ್ತುಗಳು ಸುಖವಾಗಿ ಸಂಸಾರ ಹೂಡಿದ್ದವು. ಹೆಂಡತಿಗೆ ಹೇಳಿದ್ದೇ ಬೇರೆ: "ಒಳಗೆ ಸೂಕ್ಷ್ಮ ಚಕ್ರಗಳಿವೆ, ಧೂಳು ತಾಗಬಾರದು." ಪೆಟ್ಟಿಗೆಗೆ ನಾಲ್ಕಂಕಿಯ ಬೀಗ. ನಂಬರು ನೆನಪಿಡುವುದೆಂದರೆ ಇವರಿಗೆ ಆಗದ ಕೆಲಸ (ಸ್ವಂತ ಫೋನ್ ನಂಬರನ್ನು ಗಿರಾಕಿಗಳಿಂದ ಕೇಳಿ ತಿಳಿಯುವ ಮಹಾನುಭಾವ). ಅದಕ್ಕೇ, ಮರೆತರೂ ಲೆಕ್ಕ ಹಾಕಿ ಮರಳಿ ಪಡೆಯಬಹುದಾದ ನಂಬರನ್ನೇ ಹುಡುಕಿ ಇಟ್ಟಿದ್ದರು: 6174.

ಇಂಥ ವಿಸ್ಮಯವನ್ನು ಹೊಟ್ಟೆಯಲ್ಲಿಟ್ಟುಕೊಂಡು ಎಷ್ಟು ದಿನ ಇರುವುದು? ಒಂದು ಭಾನುವಾರ ಬಾಯಿ ಬಿಟ್ಟರು.

"ಲೇ, ಯಾವುದಾದ್ರೂ ನಾಲ್ಕಂಕಿ ಹೇಳೇ."

"3524. ಯಾಕ್ರೀ?"

"ದೊಡ್ಡ ಅಂಕಿಯಿಂದ ಚಿಕ್ಕದಕ್ಕೆ ಜೋಡಿಸು, 5432. ತಿರುಗಿಸು, 2345. ಈಗ ಕಳಿ."

"3087."

"ಅದನ್ನೂ ಹಾಗೇ ಮಾಡ್ತಾ ಹೋಗು."

8730ರಲ್ಲಿ 0378 ಕಳೆದರೆ 8352. 8532ರಲ್ಲಿ 2358 ಕಳೆದರೆ 6174. ಅದನ್ನೂ ಜೋಡಿಸಿ ಕಳೆದಳು, ಮತ್ತದೇ 6174. ಮದುವೆಯಾದ ವರ್ಷ ಹಾಕಿದಳು, ಅದೂ ಅಲ್ಲಿಗೇ ಬಂತು. ಪಕ್ಕದ ಮನೆಯ ಕಾರಿನ ನಂಬರು ಬಂತು. ಅತ್ತೆ ಹುಟ್ಟಿದ ವರ್ಷ ಕೂಡ ತಕರಾರಿಲ್ಲದೆ ಬಂದು ಸೇರಿತು. ಯಾವುದಕ್ಕೂ ಏಳು ಸಲಕ್ಕಿಂತ ಹೆಚ್ಚು ಕಳೆಯಬೇಕಾಗಲಿಲ್ಲ.

"ಎಲ್ಲಾ ಅಂಕಿಗಳಿಗೂ ಇದೇ ತವರುಮನೆ ಏನ್ರೀ?" ಎಂದಳು ಮೆಲ್ಲಗೆ.

ಹೆಂಡತಿ ತಮ್ಮ ಮಾತನ್ನು ಹೀಗೆ ಕಣ್ಣರಳಿಸಿ ಕೇಳಿದ್ದು ಇದೇ ಮೊದಲು. ರಿಪೇರಿಯವರು ಬೆಣ್ಣೆಯಂತೆ ಕರಗಿಹೋದರು. "ಅಷ್ಟೇ ಅಲ್ಲ ಕಣೇ, ನನ್ನಂಥ ಮರೆಗುಳಿಗೆ ಹೇಳಿ ಮಾಡಿಸಿದ ನಂಬರು," ಎಂದುಬಿಟ್ಟರು.

ಆಕೆ ಪೆನ್ನು ಕೆಳಗಿಟ್ಟು ನೆಟ್ಟಗೆ ಪೆಟ್ಟಿಗೆಯ ಬಳಿಗೆ ಹೋದಳು. ಬೀಗ ಟಕ್ಕೆಂದಿತು.

"ನಿಮ್ಮ ಸೂಕ್ಷ್ಮ ಚಕ್ರಗಳಿಗೆ ಕ್ರೀಮ್ ಬೇರೆ ಹಚ್ಚಿದ್ದಾರಲ್ರೀ."

"ಅದು... ಒಂದೇ ಒಂದು..."

"ಕಣ್ಣು ಹೋದ್ರೆ ಅಂಗಡಿಗೆ ಯಾರು ಗತಿ? ನನಗೆ ಯಾರು ಗತಿ?" ಎಂದಳು. ಬಿಸ್ಕತ್ತುಗಳನ್ನು ಒಳಗೇ ದಬ್ಬಿ, ಬೀಗದ ನಂಬರು ಬದಲಿಸಿದಳು. "ನಿಮ್ಮ 6174ರ ಕಡೆ ತಲೆ ಹಾಕಿಯೂ ಮಲಗದ ನಂಬರು ಇಟ್ಟಿದ್ದೀನಿ."

ಅಂಥದ್ದೊಂದು ಇರಲು ಸಾಧ್ಯವೇ ಇಲ್ಲ ಎಂದು ರಿಪೇರಿಯವರು ಅಂಗಡಿಯಲ್ಲಿ ಕೂತು ಕಳೆದರು, ಕಳೆದರು. ಗಿರಾಕಿಗಳ ಗಡಿಯಾರಗಳೆಲ್ಲ ನಿಂತಲ್ಲೇ ನಿಂತವು. ಮಾರನೆಯ ದಿನ ಮಧ್ಯಾಹ್ನ ಥಟ್ಟನೆ ಹೊಳೆಯಿತು. ನಾಲ್ಕೂ ಅಂಕಿ ಒಂದೇ ಆದರೆ? ತಿರುಗಿಸಿದರೂ ಅದೇ, ಕಳೆದರೆ ಬರೀ ಸೊನ್ನೆ. ಜಗತ್ತಿನ ನಾಲ್ಕಂಕಿಗಳೆಲ್ಲ ಒಂದೇ ಕಡೆ ಓಡುತ್ತಿರುವಾಗ ಇವು ಮಾತ್ರ ನಿಂತಲ್ಲೇ ಮಾಯವಾಗುತ್ತವೆ. ಅವರಿಗೆ ಮೈ ಜುಮ್ಮೆಂದಿತು. ಈ ಸಂಖ್ಯೆಗಳನ್ನು ಕಂಡು ಎಷ್ಟು ಬೆರಗಾಯಿತೋ, ಇವನ್ನು ತಮಗಿಂತ ಮೊದಲೇ ಕಂಡುಕೊಂಡ ಹೆಂಡತಿಯನ್ನು ನೆನೆದು ಅದಕ್ಕಿಂತ ಹೆಚ್ಚು ಬೆರಗಾಯಿತು. ಬೆರಗಿನ ಹಿಂದೆಯೇ ಬಾಯಲ್ಲಿ ನೀರೂ ಬಂತು.

ಅಂಗಡಿ ಮುಚ್ಚಿ ಮನೆಗೆ ಓಡಿದರು. ಅಡುಗೆಮನೆಯಲ್ಲಿ ಸದ್ದಿಲ್ಲ. 1111ರಿಂದ ಶುರುಮಾಡಿದರು. 7777ಕ್ಕೆ ಬೀಗ ಬಿಟ್ಟುಕೊಂಡಿತು.

ಒಳಗೆ ಒಂದೂ ಬಿಸ್ಕತ್ತಿರಲಿಲ್ಲ. ಹೊಚ್ಚ ಹೊಸ ಸಕ್ಕರೆ ಪರೀಕ್ಷೆ ಯಂತ್ರವೊಂದು ಸೂಜಿಸಮೇತ ಕೂತಿತ್ತು.

"ಸಂಜೆ ಆಗುತ್ತೆ ಅಂದ್ಕೊಂಡಿದ್ದೆ, ಬೇಗ ಬಂದ್ರಿ," ಎಂದಳು ಬಾಗಿಲ ಹಿಂದಿನಿಂದ ಹೆಂಡತಿ. "ಬೆರಳು ಕೊಡಿ."